ಕಡಲ ಗುಹೆಗೆ ಹಚ್ಚಿದ ಕುಂಕುಮ

ನಾರಾಯಣಪೇಟೆಯಿಂದ ನಾನು, ಮಕ್ತಲ್‌ನಿಂದ ಸೋದರತ್ತೆ ಸಿದ್ದಮ್ಮ, ಗದ್ವಾಲದಿಂದ ತಂಗಿ ಈರಮ್ಮ, ಮೂವರು ಹೆಂಗಸರು ಗಂಡಸರ ಹಂಗಿಲ್ಲದೆ ಸಮುದ್ರ ನೋಡಲು ಹೊರಟೆವು. ಅತ್ತೆಗೆ ಎಪ್ಪತ್ತು ಹತ್ತಿರವಾದರೂ ಕೃಷ್ಣೆಗಿಂತ ದೊಡ್ಡ ನೀರು ಕಂಡವರಲ್ಲ. "ನಮ್ಮ ಕೃಷ್ಣೆ ಸೇರೋ ಸಮುದ್ರ ಆ ಕಡಿ ಐತ್ರಿ ಅತ್ತಿ, ನಾವು ಈ ಕಡಿ ಹೊಂಟೀವಿ" ಎಂದು ಕೆಣಕಿದೆ. "ಎಲ್ಲಾ ಒಂದ ನೀರಲ್ಲೇನ? ಸುಮ್ ಬಾ" ಎಂದರು. ಗಂಗಮ್ಮನ ಪೂಜೆಗೆಂದು ಅರಿಶಿನ, ಕುಂಕುಮ, ಹಸಿರು ಬಳೆ ಅವರ ಚೀಲದಲ್ಲಿದ್ದವು.

ತೆಲಂಗಾಣದ ಬಸ್ಸಿನಲ್ಲಿ ಗಡಿಯವರೆಗೆ ಹೆಂಗಸರಿಗೆ ಪುಕ್ಕಟೆ. ರಾಯಚೂರಿನಲ್ಲಿ ಕರ್ನಾಟಕದ ಬಸ್ಸು ಹತ್ತಿ ಆಧಾರ್ ತೋರಿಸಿದಾಗ ಕಂಡಕ್ಟರ್ ಇಲ್ಲವೆಂದು ತಲೆಯಾಡಿಸಿ ಪೂರ್ತಿ ಟಿಕೆಟ್ ಹರಿದ. "ಮಾತು ಕನ್ನಡ, ಕಾರ್ಡು ತೆಲಂಗಾಣದ್ದು, ಅದಕ್ಕ ರೊಕ್ಕಾ ಏನ್ರಿ?" ಎಂದು ಅತ್ತೆ ಕೇಳಿದ್ದಕ್ಕೆ ಬಸ್ಸೆಲ್ಲ ನಕ್ಕಿತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಮರುದಿನ ಬೆಳಿಗ್ಗೆ ಕಾರವಾರದ ಕಡೆಯ ಒಂದು ಸಣ್ಣ ಊರಿನಲ್ಲಿ ಇಳಿದೆವು. ಊರಿನ ಹೆಸರು ಬರೆಯುವುದಿಲ್ಲ. ಒಬ್ಬನ ದುರಾಸೆಗೆ ಅಲ್ಲಿನ ಒಳ್ಳೆಯ ಜನ ಯಾಕೆ ಕೆಟ್ಟ ಮಾತು ಕೇಳಬೇಕು?

ಮಳೆಗಾಲ ಮುಗಿದು ಬಿಸಿಲು ಸುಡುತ್ತಿತ್ತು. ಪೂಜೆಗೆ ನೆರಳು ಎಲ್ಲಿದೆ ಎಂದು ಲಾಡ್ಜಿನವನನ್ನು ಕೇಳಿದೆವು. "ದಂಡೆಯ ತುದಿಯಲ್ಲಿ ಎರಡು ಗುಹೆ ಇವೆ ಅಮ್ಮಾ, ಒಳ್ಳೆ ತಂಪು. ಫೋಟೋ ಚೆನ್ನಾಗಿ ಬರ್ತದೆ" ಎಂದ. ಕೆಂಪು ಕಲ್ಲಿನ ದಿಬ್ಬದ ಬುಡವನ್ನು ಅಲೆಗಳು ಕೊರೆದು ಮಾಡಿದ ಗುಹೆಗಳು ಅವು. ನಮ್ಮ ಸೀಮೆಯಲ್ಲಿ ಇನ್ನೇನು ಉರುಳಿತು ಎಂಬಂತೆ ನಿಂತ ಕರಿಬಂಡೆಯ ಕೆಳಗೇ ಕಳೆ ಕೀಳುವವರು ಬುತ್ತಿ ಬಿಚ್ಚುತ್ತಾರೆ. ಅವರ ಅಜ್ಜಿಯರೂ ಅಲ್ಲೇ ಉಂಡವರು. ಆ ನಂಬಿಕೆಯನ್ನು ನಾವು ಕಡಲಿಗೂ ಕಟ್ಟಿಕೊಂಡು ಹೋಗಿದ್ದೆವು. ಅತ್ತೆ ಗೋಡೆಯನ್ನು ಅಂಗೈಯಿಂದ ತಟ್ಟಿ, "ಕಲ್ಲು ಗಟ್ಟಿ ಐತಿ, ಕುಂದರ್ರಿ" ಎಂದರು.

ಗಂಗಮ್ಮನೆಂದು ಅತ್ತೆ ಐದು ಕಲ್ಲುಗಳನ್ನು ಸಾಲಾಗಿಟ್ಟು, ಅರಿಶಿನ ಕುಂಕುಮ ಹಚ್ಚಿ, ಎಡೆ ಬಡಿಸಿದರು. ಮೊಸರನ್ನದ ಮೇಲೆ ಚಿಟಿಕೆಯಷ್ಟು ಕೆಂಪು ಮಣ್ಣು ಉದುರಿತು. ಅತ್ತೆ ಬೇರೆ ಬಡಿಸಿದರು. ಮತ್ತೆ ಉದುರಿತು. "ಎಡಿಯಾಗ ಮಣ್ಣು ಬಿದ್ರ ಗಂಗವ್ವ ಹ್ಯಾಂಗ ಉಣ್ತಾಳ? ಹೊರಗ ನಡೀರಿ" ಎಂದು ಸಿಟ್ಟಿನಿಂದ ಎದ್ದರು. ಜೀವದ ಭಯದಿಂದಲ್ಲ, ಅನ್ನ ಕೆಟ್ಟಿತೆಂದು ಹೊರಗೆ ಬಂದೆವು. ಪಾತ್ರೆಗಳನ್ನು ಮರಳಿನ ಮೇಲಿಟ್ಟ ಕೂಡಲೇ ಅತ್ತೆ, "ಅಯ್ಯ, ಗಂಗವ್ವ ಒಳಗ ಉಳಿದ್ಲು" ಎನ್ನುತ್ತ ತಿರುಗಿದರು. ಈರಮ್ಮನಿಗೆ ಏನು ಹೊಳೆಯಿತೋ, ಅತ್ತೆಯ ಸೆರಗು ಹಿಡಿದೆಳೆದಳು. ಅಷ್ಟರಲ್ಲಿ ಗುಹೆಯ ಮಾಡು ದಡದಡನೆ ಕುಸಿಯಿತು. ಐದು ಕಲ್ಲುಗಳ ಮೇಲೆ ಎತ್ತಿನಷ್ಟು ದೊಡ್ಡ ಕಲ್ಲು ಕೂತಿತ್ತು.

ಲಾಡ್ಜಿಗೆ ಹೋಗಿ ಜಗಳ ತೆಗೆದೆ. ಲಾಡ್ಜಿನ ಮುಂದೆ ದಂಡೆಯ ಮೇಲೆ ಹಾಕಿಕೊಂಡಿದ್ದ ಅಂಗಡಿಯಲ್ಲಿ ಅವನು ಎಳನೀರು ಕುಡಿಯುತ್ತಿದ್ದ. "ಮಳೆಗಾಲ ಕಳೆದ ಮೇಲೆ ಹಾಗೆ ಒಂದೊಂದು ಬೀಳ್ತದೆ. ನಿಮಗೇನೂ ಆಗಲಿಲ್ಲವಲ್ಲ?" ಎಂದ. ಅಂದರೆ ಗೊತ್ತಿತ್ತು! ಎಳನೀರು ಜೋಡಿಸಿದ್ದ ಹಲಗೆಯನ್ನು ಬಗ್ಗಿ ನೋಡಿದೆ. ಅದರ ಅಡಿಯಲ್ಲಿ ಬಣ್ಣದ ಅಕ್ಷರಗಳಿದ್ದವು: ಅಪಾಯ, ಗುಹೆಯೊಳಗೆ ಹೋಗಬಾರದು. ಮೈಯೆಲ್ಲ ಉರಿಯಿತು. ಹಲಗೆ ಕೊಡು ಎಂದರೆ, "ಅದನ್ನ ನಿಲ್ಲಿಸಿದರೆ ಯಾರು ಬರ್ತಾರೆ?" ಎಂದು ಮುಖ ತಿರುಗಿಸಿದ. ಮನುಷ್ಯನೇ ಇವನು?

ಸಂಜೆ ಅತ್ತೆಯೇ ದಾರಿ ಹುಡುಕಿದರು. ಉಳಿದ ಕುಂಕುಮವನ್ನು ನೀರಲ್ಲಿ ಕಲಸಿ, ಎರಡನೆಯ ಗುಹೆಯ ಬಾಯಿಯ ಪಕ್ಕ ನನ್ನಿಂದ ಕನ್ನಡದಲ್ಲಿ, ಈರಮ್ಮನಿಂದ ತೆಲುಗಿನಲ್ಲಿ ದೊಡ್ಡದಾಗಿ ಬರೆಸಿದರು: ಒಳಗೆ ಹೋಗಬೇಡಿ.

ಬೆಳಿಗ್ಗೆ ಆಟೋ ಹಿಡಿಯುವ ಮುಂಚೆ ಒಮ್ಮೆ ನೋಡಿ ಬರೋಣ ಎಂದು ಹೋದೆವು. ಅಲೆ ಸಿಡಿದು ಅಕ್ಷರಗಳು ಕರಗಿ, ಕಲ್ಲಿನ ಮೇಲೆ ಬರೀ ಕೆಂಪು ಉಳಿದಿತ್ತು. ಗುಹೆಯ ಬಾಯಲ್ಲಿ ನಾಲ್ಕು ಜೊತೆ ಚಪ್ಪಲಿ. ಒಳಗೆ ಒಂದು ಸಂಸಾರ ಕರ್ಪೂರ ಹಚ್ಚಿ ಕೈಮುಗಿದು ನಿಂತಿತ್ತು. ಲಾಡ್ಜಿನವನು ಹೊರಗೆ ನಿಂತು ಆ ಕೆಂಪಿನ ಮೇಲೆ ಚೆಂಡುಹೂವಿನ ಸರ ಸಿಕ್ಕಿಸುತ್ತಿದ್ದ! "ಬಯಟಿಕಿ ರಂಡಿ! ಹೊರಗ ಬರ್ರೀ!" ಎಂದು ಅತ್ತೆ ತೆಲುಗು, ಕನ್ನಡ ಎರಡರಲ್ಲೂ ಕಿರುಚಿದರು. ಅವರು ಗಾಬರಿಯಾಗಿ ಓಡಿ ಬಂದರು. ಕೈಯಲ್ಲಿ ಇನ್ನೂ ಕಾಯಿ ಹಿಡಿದಿದ್ದ ಯಜಮಾನ, "ಇದು ಯಾವ ದೇವರು ತಾಯಿ?" ಎಂದು ಕೇಳಿದ.

ಅತ್ತೆ ಹೂವಿನ ಸರ ಕಿತ್ತು ಎಸೆದರು. ಕೆಳಗೆ ಬಿದ್ದ ಕುಂಕುಮವನ್ನೂ ತುಳಿಯದೆ ದಾಟುವ ಹೆಂಗಸು, ಸೆರಗನ್ನು ಕಡಲ ನೀರಲ್ಲಿ ಅದ್ದಿ ಆ ಕಲ್ಲಿನ ಕುಂಕುಮವನ್ನು ಗಸಗಸ ಒರೆಸಿದರು. ಆಮೇಲೆ ಸೀದಾ ಹೋಗಿ ಎಳನೀರುಗಳನ್ನು ನೆಲಕ್ಕೆ ಉರುಳಿಸಿ ಹಲಗೆಯನ್ನು ಹೊತ್ತು ತಂದರು. ಆ ಯಜಮಾನನೇ ಅದನ್ನು ಗುಹೆಯ ಬಾಯಿಗೆ ಅಡ್ಡ ನಿಲ್ಲಿಸಿ ಕಲ್ಲು ಬಿಗಿದ. ಇಷ್ಟು ಜನರ ಎದುರು ಲಾಡ್ಜಿನವನು ಉರುಳಿದ ಎಳನೀರು ಆಯತೊಡಗಿದ. ನಾವು ಹೋದ ಮೇಲೆ ಹಲಗೆ ನಿಂತಿತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಮಕ್ತಲ್‌ನಲ್ಲಿ ಅತ್ತೆ ಬಸ್ಸಿಳಿದಾಗ ನೆರೆಮನೆಯಾಕೆ, "ಸಮುದ್ರ ಹ್ಯಾಂಗೈತ್ರಿ ಸಿದ್ದಮ್ಮಾ?" ಎಂದು ಕೂಗಿದಳು.

ಸೆರಗಿನ ಕೆಂಪು ಕಲೆಯನ್ನು ಮಡಿಚಿ ಸಿಕ್ಕಿಸಿಕೊಳ್ಳುತ್ತ ಅತ್ತೆ ಹೇಳಿದರು: "ಸಮುದ್ರ ಚಲೋ ಐತಿ. ದಂಡಿಮ್ಯಾಲ ಅಂಗಡಿ ಹಾಕ್ಕೊಂಡು ಕುಂತಾನಲ್ಲ, ಅಂವ ಚಲೋ ಇಲ್ಲ."