ರಂಗಮ್ಮನ ಮಳೆ ಬುಕ್ಕು

"ಸಾ, ನನ್ ಮಳೆ ಬುಕ್ಕು ಎಲ್ಲೈತೆ?"

ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ರಂಗಮ್ಮ ಕೇಳಿದಾಗ ನಾನು ನಗುನಗುತ್ತಲೇ ಹೇಳಿದೆ, ಎಲ್ಲ ಕಂಪ್ಯೂಟರ್‌ನಲ್ಲಿದೆ, ಒಂದು ಅಂಕಿಯೂ ಹೋಗಿಲ್ಲ ಅಂತ. ಆ ನಗು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿದೆ.

ರಂಗಮ್ಮ ನಮ್ಮ ಕಾಲೇಜಿನ ಫಾರ್ಮ್‌ನಲ್ಲಿ ದಿನಗೂಲಿ. ಸಕಲೇಶಪುರ ಕಡೆಯ ಕೃಷಿ, ಟೆಕ್ನಿಕಲ್ ಕಾಲೇಜು, ಹೆಸರು ಬೇಡ ಬಿಡಿ. ಹೊಂಗಡಹಳ್ಳದ ಹತ್ತಿರ ಎಸ್ಟೇಟಿನ ಕೂಲಿ ಲೈನ್ ಮನೆಯಲ್ಲಿ ಹುಟ್ಟಿದ ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಹಿಂದಿನ ಒಬ್ಬ ಪ್ರಿನ್ಸಿಪಾಲರು ಅವಳಿಗೆ ಮಳೆ ಅಳೆಯುವ ಗಾಜಿನ ಗೆರೆ ಓದುವುದನ್ನು, ಅಂಕಿ ಬರೆಯುವುದನ್ನು, ತನ್ನ ಹೆಸರು ಬರೆದು ಸಹಿ ಹಾಕುವುದನ್ನು ಕಲಿಸಿದರು. ಅಷ್ಟೇ ಅವಳ ವಿದ್ಯೆ.

ಅವತ್ತಿನಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ. ಭಾನುವಾರವೂ ಬಿಡುವಿಲ್ಲ. ಬೇಸಿಗೆಯಲ್ಲಿ ಸೊನ್ನೆ ಬರೆದು ಸಹಿ. ಮಗಳ ಮದುವೆಯ ದಿನವೂ ಬಂದು ಅಳೆದು, ಸಹಿ ಹಾಕಿ, ಓಡಿದ್ದಳು.

ನಮ್ಮ ಕಡೆ ಗೊತ್ತಲ್ಲ... ಮಳೆಗಾಲದಲ್ಲಿ ಇಬ್ಬರು ಸಿಕ್ಕರೆ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟಿಂಚು?" ಅಂತ. ಊಟ ಆಯ್ತಾ ಅನ್ನುವುದು ಆಮೇಲೆ. ಹೆತ್ತೂರಿನ ದೊಡ್ಡ ಪ್ಲಾಂಟರುಗಳೂ ಕಾಲೇಜಿಗೆ ಫೋನ್ ಮಾಡಿ ರಂಗಮ್ಮನ ಲೆಕ್ಕ ಕೇಳುತ್ತಿದ್ದರು.

ಈಗ ಇಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನೂ ಇದೇ ಕಾಲೇಜಿನಲ್ಲಿ ಓದಿದವನು. ಟೆಕ್ನಿಕಲ್ ಹುಡುಗರಿಗೂ ಆಗ ಫಾರ್ಮ್ ಪ್ರಾಕ್ಟಿಕಲ್ ಕಡ್ಡಾಯ. ರಂಗಮ್ಮ ಹಾಸ್ಟೆಲ್ ಕಿಟಕಿಗೆ ಬಂದು ಕೂಗುತ್ತಿದ್ದಳು, "ಐದಿಂಚು ಹುಯ್ದೈತೆ ಕಣ್ರೋ, ಇವತ್ತು ಪ್ರಾಕ್ಟಿಕಲ್ ಇಲ್ಲ, ತೆಪ್ಪಗೆ ಮಲೀಕಳಿ!"

ಕಳೆದ ವರ್ಷ ಸ್ಮರಣ ಸಂಚಿಕೆಗೆ ಕಾಲೇಜಿನ ಇತಿಹಾಸ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಯಾರೋ ಬಿಟ್ಟುಕೊಟ್ಟ ಕಾಫಿ ಸ್ಟೋರ್‌ನಲ್ಲಿ ಕೃಷಿ ಶಾಲೆ ಶುರುವಾಗಿದ್ದು, ಆಮೇಲೆ ಪಂಪ್‌ಸೆಟ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿಯ ಟೆಕ್ನಿಕಲ್ ವಿಭಾಗ ಬಂದಿದ್ದು, ದನದ ಕೊಟ್ಟಿಗೆ ಹೋಗಿ ನನ್ನ ಕಂಪ್ಯೂಟರ್ ಲ್ಯಾಬ್ ಬಂದಿದ್ದು... ಇದೆಲ್ಲ ಬಾಯಿಮಾತಿನಲ್ಲಿ ಸಿಕ್ಕಿತು. ಕಾಗದದಲ್ಲಿ ಸಿಕ್ಕಿದ್ದು ಶಂಕುಸ್ಥಾಪನೆ ಮಾಡಿದವರ ಹೆಸರು ಮಾತ್ರ. ಕೂಲಿಯವರ ಹಾಜರಾತಿ ಪುಸ್ತಕವನ್ನೂ ಗೆದ್ದಲು ತಿಂದು ಮುಗಿಸಿತ್ತು.

ಪೂರ್ತಿ ಉಳಿದಿದ್ದು ಮಳೆ ಬುಕ್ಕುಗಳು. ಯಾಕೆಂದರೆ ರಂಗಮ್ಮ ಅವುಗಳ ನಡುವೆ ಹುಳ ಬಾರದಂತೆ ಲಕ್ಕಿ ಸೊಪ್ಪು ಇಟ್ಟು ಗೊಬ್ಬರದ ಚೀಲದಲ್ಲಿ ಸುತ್ತಿಟ್ಟಿದ್ದಳು.

ನಾನು ವಿದ್ಯಾರ್ಥಿಗಳನ್ನು ಕೂರಿಸಿ ಅದನ್ನೆಲ್ಲ ಎಕ್ಸೆಲ್‌ಗೆ ಹಾಕಿಸಿದೆ. ತಾರೀಖು, ಇಂಚು. ಒಬ್ಬಳು ಕೇಳಿದಳು, ಸರ್, ಸಹಿ ಕಾಲಂ ಏನ್ಮಾಡೋದು ಅಂತ. "ಅದ್ಯಾಕೆ, ಬಿಟ್ಬಿಡು" ಅಂದೆ.

ಚಂದದ ಗ್ರಾಫ್ ಬಂತು, ಇಡೀ ಪುಟಕ್ಕೆ ಪ್ರಿಂಟ್ ಆಯಿತು. ಕೆಳಗೆ 'ಮಾಹಿತಿ ಸಂಗ್ರಹ' ಅಂತ ನನ್ನ ಹೆಸರು. ಒಂದು ದಿನವೂ ಆ ಗಾಜು ಹಿಡಿದು ಮಳೆಯಲ್ಲಿ ನಿಂತವನಲ್ಲ ನಾನು!

ಆಮೇಲೆ ತಾನೇ ಅಳೆಯುವ ಮೆಷಿನ್ ಬಂತು. ರಂಗಮ್ಮನನ್ನು ನರ್ಸರಿ ಚೀಲಕ್ಕೆ ಮಣ್ಣು ತುಂಬಲು ಹಾಕಿದರು. ತಪಾಸಣೆಗೆ ಬರುತ್ತಾರೆ, ಸ್ಟೋರ್ ಖಾಲಿ ಮಾಡಿ ಅಂದಾಗ ಬುಕ್ಕುಗಳನ್ನು ಗುಜರಿ ಆಟೋಗೆ ಎತ್ತಿ ಹಾಕಿದ್ದು ನಾನೇ. ಇತಿಹಾಸ ಬರೆಯಲು ಕೂತವನೇ... ಬೇಲಿಯೇ ಎದ್ದು ಹೊಲ ಮೇಯ್ದಂತೆ. ರಂಗಮ್ಮನನ್ನು ಒಂದು ಮಾತು ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಈಗ ದಿನಗೂಲಿಯವರನ್ನು ಕಾಯಂ ಮಾಡಲು ಪಟ್ಟಿ ಕೇಳಿದ್ದಾರೆ. ಇಷ್ಟು ವರ್ಷ ಬಿಡದೆ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಶನಿವಾರದೊಳಗೆ.

ಸೋಮವಾರ ಬಾಗಿಲಲ್ಲಿ ನಿಂತಿದ್ದ ರಂಗಮ್ಮನಿಗೆ ಚಿಂತೆಯೇ ಇರಲಿಲ್ಲ. "ದಿನಾ ಸೈನ್ ಹಾಕಿವ್ನಿ ಸಾ, ಒಂದಿನಾನೂ ಬುಟ್ಟಿಲ್ಲ. ಬುಕ್ಕು ಕೊಡಿ, ತೋರುಸ್ಬುಡ್ತೀನಿ."

ಸಹಿ ಕಾಲಂ ಬಿಡಿಸಿದ್ದು ಆಗ ನೆನಪಾಯಿತು.

ಬೈಕ್ ಹತ್ತಿ ಸಕಲೇಶಪುರದ ಗುಜರಿ ಅಂಗಡಿಗೆ ಓಡಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅಂಗಡಿಯವನು ನನ್ನನ್ನು ಹುಚ್ಚನ ತರಹ ನೋಡಿದ. "ಆ ಲೋಡು ಯಾವತ್ತೋ ಹೋಗ್ಬುಟ್ಟೈತೆ ಮಾರಾಯ್ರೇ, ಇಷ್ಟೊತ್ತಿಗೆ ಅರೆದು ರಟ್ಟು ಮಾಡಿರ್ತಾರೆ."

ವಾಪಸ್ ಬಂದು ಎಕ್ಸೆಲ್ ಪ್ರಿಂಟ್ ತೆಗೆದು, ಜೊತೆಗೆ ನನ್ನದೊಂದು ಪತ್ರ ಬರೆದು, ಆಫೀಸ್ ಸೂಪರಿಂಟೆಂಡೆಂಟ್ ಮುಂದಿಟ್ಟೆ. ಪತ್ರವನ್ನು ಅವರು ಪಕ್ಕಕ್ಕೆ ಸರಿಸಿ ಪ್ರಿಂಟ್ ತಿರುವಿ ಹಾಕಿದರು.

"ಮಳೆ ಬಂದಿದ್ದಕ್ಕೆ ಸಾಕ್ಷಿ ಐತೆ. ರಂಗಮ್ಮ ಬಂದಿದ್ದಕ್ಕೆ ಎಲ್ಲೈತೆ ಸ್ವಾಮಿ?"

ದಿನಾ ಅವಳ ಕೈಯಲ್ಲೇ ಕಾಫಿ ತರಿಸಿಕೊಂಡು ಕುಡಿಯುವ ಮನುಷ್ಯ ಇದನ್ನು ಕೇಳುತ್ತಾನೆ. ಥೂ... ಆದರೆ ನಾನು ಯಾವ ಬಾಯಲ್ಲಿ ಬಯ್ಯಲಿ?

ರಂಗಮ್ಮ ಅಲ್ಲೇ ನಿಂತಿದ್ದಳು. ಮೇಜಿನ ಮೇಲಿದ್ದ ಸ್ಮರಣ ಸಂಚಿಕೆ ತೆಗೆದು ಗ್ರಾಫ್ ಪುಟದ ಮೇಲೆ ಬೆರಳಿಟ್ಟಳು. "ಇದು ನನ್ ಮಳೇನಾ ಸಾ?"

ಹೂಂ ಅಂದೆ.

ಬೆರಳು ಹಾಗೇ ಜಾರಿಕೊಂಡು ಕೆಳಗಿನ ಹೆಸರಿನ ಮೇಲೆ ನಿಂತಿತು. ಅವಳಿಗೆ ಓದಲು ಬರುವುದು ಒಂದೇ ಹೆಸರು. "ಇದು ನಂದಲ್ಲ" ಅಂದಳು.

ಆಮೇಲೆ ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತಳು. "ಓದ್ದೋರು ನೀವು. ನಂಗೊಂದ್ ಮಾತು ಹೇಳಿದ್ರೆ ಮನೇಗಾದ್ರೂ ಹೊತ್ಕಂಡ್ ಹೋಗಿ ಇಟ್ಕತಿದ್ನಲ್ಲ ಸಾ..."

ಮೂರು ದಿನದಿಂದ ಊಟ ಸೇರುತ್ತಿಲ್ಲ. ನಾಚಿಕೆಯಾಗುತ್ತಿದೆ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳೇ, ನೆನಪಿದೆಯಾ, ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ ಒಂದು ವಾರದ ಮಳೆ ಬರೆದು ದಿನಾ ಅದರ ಕೆಳಗೆ ರಂಗಮ್ಮನ ಸಹಿ ಹಾಕಿಸಬೇಕಿತ್ತು. ಆಗ ನಾವು ನಗುತ್ತಿದ್ದೆವು. ನನ್ನ ರೆಕಾರ್ಡನ್ನು ನಾನು ಎಂದೋ ಹಂಡೆ ಒಲೆಗೆ ಹಾಕಿದ್ದೇನೆ. ಬ್ಯಾಚಿಗೊಂದು ಪುಟ ಸಿಕ್ಕರೂ ಸೂಪರಿಂಟೆಂಡೆಂಟ್ ಮುಂದೆ ಇಡಬಹುದು.

ಶನಿವಾರದೊಳಗೆ ಒಮ್ಮೆ ನಿಮ್ಮ ಅಟ್ಟ ಹತ್ತಿ ನೋಡುತ್ತೀರಾ?