ಬೂದಿಗೆ ಕೊಟ್ಟ ಔಷಧಿ

ಬೀದಿಯವರಿಗೆಲ್ಲ ಅವಳು ಟೈಲರಕ್ಕ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಅದರ ಕೆಳಗೆ ಚೂರುಬಟ್ಟೆಯ ರಾಶಿ. ಹಿಂದಿನ ಕೋಣೆ ಅಣ್ಣನದು. ಮದುವೆಯ ಗೋಜಿಗೇ ಹೋಗದೆ ಬಸ್ ಓಡಿಸಿಕೊಂಡಿದ್ದ ಅವನು, ನಿವೃತ್ತನಾದ ಮೇಲೆ ಗಂಡನನ್ನು ಕಳೆದುಕೊಂಡಿದ್ದ ತಂಗಿಯ ಮನೆಗೆ ಒಂದು ಟ್ರಂಕು, ಒಂದು ನಾಯಿ ಸಮೇತ ಬಂದಿಳಿದಿದ್ದ. ಡಿಪೊದಲ್ಲಿ ಕೆಟ್ಟು ನಿಂತ ಬಸ್ಸಿನಡಿ ಹುಟ್ಟಿದ ಹೆಣ್ಣು ನಾಯಿ. ಬಣ್ಣ ಬೂದು, ಹೆಸರು ಬೂದಿ.

ನಾಯಿ ಒಳಗೆ ಬರಕೂಡದು ಎಂದು ಮೊದಲ ದಿನ ಕಡ್ಡಿ ಮುರಿದಂತೆ ಹೇಳಿದ್ದ ಟೈಲರಕ್ಕ, ವಾರ ಕಳೆಯುವುದರೊಳಗೆ ಅದಕ್ಕೆ ಚೂರುಬಟ್ಟೆ ತುಂಬಿದ ಹಾಸಿಗೆ ಹೊಲಿದುಕೊಟ್ಟಿದ್ದಳು. ಆದರೆ ಆ ಹಾಸಿಗೆ ಹಗಲಿಗೆ ಮಾತ್ರ. ರಾತ್ರಿ ಬೂದಿ ಮಲಗುತ್ತಿದ್ದದ್ದು ಅಣ್ಣನ ಮಂಚದ ಮೇಲೆ, ಅವನ ಕಾಲ ಬಳಿ.

ವಯಸ್ಸಾಗುತ್ತ ಬಂದಂತೆ ಬೂದಿ ಮಲಗಿ ಎದ್ದ ಜಾಗವೆಲ್ಲ ಒದ್ದೆಯಾಗತೊಡಗಿತು. ಒಮ್ಮೆ ಗಿರಾಕಿಯೊಬ್ಬರು ತಮ್ಮ ಪರದೆಯ ಬಟ್ಟೆಯನ್ನು ಮೂಸಿ ನೋಡಿ, ಮಡಿಚಿಕೊಂಡು ಹೊರಟುಹೋದರು. ಟೈಲರಕ್ಕನಿಗೆ ತಲೆ ಎತ್ತಲಾಗಲಿಲ್ಲ. ಅದೇ ಸಿಟ್ಟಿನಲ್ಲಿ ಒಳಗೆ ಹೋದರೆ ಅಣ್ಣನ ಹಾಸಿಗೆಯೂ ಒದ್ದೆ.

"ನಾಚಿಕೆ ಆಗಲ್ವೇನೇ ನಿನಗೆ? ಇಷ್ಟು ವಯಸ್ಸಾಯ್ತು, ಎಳೆ ಮಗು ಥರ ಹಾಸಿಗೆ ನೆನೆಸ್ತೀಯಲ್ಲ!"

ಬೂದಿ ಕಿವಿ ಹಿಂದಕ್ಕೆ ಮಾಡಿ ಗೋಡೆಗೆ ಒತ್ತಿಕೊಂಡಿತು. ಅಣ್ಣ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. "ಬೈಬೇಡ, ಬಿಡು," ಎಂದನಷ್ಟೆ.

ನಾಯಿಯನ್ನು ಪಶುವೈದ್ಯೆಯ ಬಳಿ ಕರೆದೊಯ್ದರು. "ಕೂತು ಮಾಡುತ್ತಾ, ಇಲ್ಲ ಮಲಗಿದಾಗ ಸೋರುತ್ತಾ?" ಎಂದು ಅವರು ಕೇಳಿದರು.

"ಮಲಗಿದಾಗ. ಎದ್ದ ಮೇಲೆ ಅದಕ್ಕೇ ಆಶ್ಚರ್ಯ ಆದ ಹಾಗೆ ನೋಡುತ್ತೆ."

"ಹಾಗಾದ್ರೆ ಅದು ಬೇಕು ಅಂತ ಮಾಡ್ತಿಲ್ಲಮ್ಮ. ಅದಕ್ಕೆ ಗೊತ್ತಾಗದೇ ಆಗ್ತಿದೆ."

ಬೂದಿಯ ಹಾಗೆ ಮರಿಯಾಗದಂತೆ ಆಪರೇಷನ್ ಆದ ಹೆಣ್ಣು ನಾಯಿಗಳಲ್ಲಿ, ವಯಸ್ಸಾದಂತೆ ಮೂತ್ರಕೋಶದ ಬಾಯಿ ಬಿಗಿಹಿಡಿಯುವ ಸ್ನಾಯು ಸಡಿಲವಾಗುವುದುಂಟು ಎಂದು ವಿವರಿಸಿದರು. ಮೂತ್ರ ಪರೀಕ್ಷೆಯಲ್ಲಿ ಸೋಂಕಾಗಲಿ ಸಕ್ಕರೆಯಾಗಲಿ ಕಾಣಲಿಲ್ಲ. ಊಟದ ಜೊತೆ ಹಾಕಲು ಒಂದು ಸಿರಪ್ ಬರೆದುಕೊಟ್ಟರು. "ಕುಡಿಯೋ ನೀರು ಕಡಿಮೆ ಮಾಡಬೇಡಿ. ಬೈಯಲೂಬೇಡಿ."

ಹೊರಡುವಾಗ ಅಣ್ಣ ಬಾಗಿಲಲ್ಲಿ ನಿಂತು ಕೇಳಿದ: "ಗಂಡು ನಾಯಿಗೂ ಹೀಗಾಗುತ್ತಾ ಡಾಕ್ಟ್ರೇ?"

"ಆಗುತ್ತೆ. ಕಾರಣ ಸಾಮಾನ್ಯವಾಗಿ ಬೇರೆ ಇರುತ್ತೆ."

"ನಮ್ಮನೇಲಿ ಗಂಡು ನಾಯಿ ಎಲ್ಲಿದೆ ಅಣ್ಣಾ?" ಎಂದು ಟೈಲರಕ್ಕ ನಕ್ಕಳು.

ಕೆಲವೇ ದಿನಗಳಲ್ಲಿ ಮೇಜಿನ ಕೆಳಗಿನ ಹಾಸಿಗೆ ಒಣಗಿಯೇ ಇರತೊಡಗಿತು. ಅಣ್ಣನ ಹಾಸಿಗೆ ಮಾತ್ರ ಮೊದಲಿನಂತೆಯೇ. ಹೊದಿಕೆಯನ್ನು ಅವನೇ ಬೆಳಿಗ್ಗೆ ಎದ್ದು ಒಗೆದು ಹಾಕುತ್ತಿದ್ದ. ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡಿದ್ದಳು ತಂಗಿ. ಔಷಧಿ ಪೂರ್ತಿ ಹಿಡಿದಿಲ್ಲವೇನೋ ಎಂದು ವೈದ್ಯೆಗೆ ಫೋನ್ ಮಾಡಿದಳು. ಸಂಜೆ ಊಟಕ್ಕೆ ಕೂತಾಗ ಅಣ್ಣನಿಗೂ ಹೇಳಿದಳು:

"ನಾಳೆ ಬೂದಿನ ನೋಡಿ ಡೋಸ್ ಜಾಸ್ತಿ ಮಾಡ್ತಾರಂತೆ. ಎದೆ ಬಡಿತ ಏರಬಹುದು, ಗಮನ ಇಟ್ಟಿರಿ ಅಂದ್ರು."

ಅಣ್ಣ ಬಾಯಿಗಿಡಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ.

"ಜಾಸ್ತಿ ಮಾಡೋದು ಬೇಡ."

"ಮತ್ತೆ ಹಾಸಿಗೆ ಗತಿ?"

"ಹಾಸಿಗೆ ಒದ್ದೆ ಮಾಡ್ತಿರೋದು ಬೂದಿ ಅಲ್ಲ. ನಾನು."

ಟೈಲರಕ್ಕ ತಟ್ಟೆಯಿಂದ ತಲೆ ಎತ್ತಿದಳು. ಅಣ್ಣ ಅವಳನ್ನು ನೋಡಲಿಲ್ಲ. ಬೂದಿಯನ್ನು ನೋಡುತ್ತ ಹೇಳಿದ.

"ಅದಕ್ಕಿಂತ ಮುಂಚೆ ನನಗೇ ಶುರುವಾಗಿತ್ತು. ಅದಕ್ಕೂ ಹಾಗೇ ಆದಾಗ, ಸದ್ಯ, ನಾನು ಬಚಾವಾದೆ ಅಂದ್ಕೊಂಡೆ. ಬಾಯಿಲ್ಲದ ಪ್ರಾಣಿ, ಅದರ ತಲೆಗೆ ಕಟ್ಟಿಬಿಟ್ಟೆ. ನೀನು ಬೈದಾಗಲೂ ಸುಮ್ಮನಿದ್ದೆ. ಆದರೆ ನನ್ನ ರೋಗಕ್ಕೆ ಅದರ ಎದೆ ಯಾಕೆ ಹೊಡ್ಕೋಬೇಕು?"

ನಾಯಿಗೆಂದು ಆಡಿದ ಒಂದೊಂದು ಮಾತೂ ಟೈಲರಕ್ಕನ ನೆನಪಿಗೆ ಬಂತು. ಎಲ್ಲವನ್ನೂ ಅವನು ಆ ಕಿಟಕಿಯ ಬಳಿ ನಿಂತೇ ಕೇಳಿಸಿಕೊಂಡಿದ್ದ.

"ಅವತ್ತು ಗಂಡು ನಾಯಿ ಅಂತ ಕೇಳಿದ್ದು..."

"ನಾನೇ ಆ ನಾಯಿ," ಎಂದ ಅಣ್ಣ. ನಗಲು ಹೋದವನಿಗೆ ಕಣ್ಣು ತುಂಬಿ ಬಂತು. ಟೈಲರಕ್ಕ ಎಂಜಲು ಕೈಯಲ್ಲೇ ಅವನ ಪಕ್ಕ ಬಂದು ಕೂತಳು.

ಮರುದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಹಿಂದೆಮುಂದೆ ನೋಡುತ್ತಿದ್ದವನನ್ನು ಅವಳೇ ಆಸ್ಪತ್ರೆಗೆ ಹೊರಡಿಸಿದಳು. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರದ ದಾರಿಯನ್ನು ಅದುಮಿತ್ತು. ಮೂತ್ರಕೋಶ ಪೂರ್ತಿ ಖಾಲಿಯಾಗದೆ, ನಿದ್ದೆಯಲ್ಲಿ ತುಂಬಿ ಚೆಲ್ಲುತ್ತಿತ್ತು. "ಇನ್ನೂ ಮುಚ್ಚಿಟ್ಟುಕೊಂಡು ಕೂತಿದ್ದರೆ ಕಿಡ್ನಿ ಎರಡೂ ಕೈಕೊಡ್ತಿದ್ದವು," ಎಂದರು ಡಾಕ್ಟರು. ಕೆಲವು ದಿನ ಮೂತ್ರ ಇಳಿಸುವ ನಳಿಕೆ, ಆಮೇಲೆ ಆಪರೇಷನ್. ಚೇತರಿಕೆ ನಿಧಾನ. ನಳಿಕೆಯ ಚೀಲ ಕಾಣದಂತೆ ಟೈಲರಕ್ಕ ಅವನ ಪೈಜಾಮಕ್ಕೆ ಒಳಜೇಬು ಹೊಲಿದುಕೊಟ್ಟಳು. ಬೂದಿಯ ಸಿರಪ್ ಮೊದಲಿನಷ್ಟೇ ಮುಂದುವರಿಯಿತು.

ಅಣ್ಣ ಓಡಾಡುವಂತಾದ ಮೇಲೆ ಹಳೆಯ ಕಂಡಕ್ಟರ್ ಗೆಳೆಯ ನೋಡಲು ಬಂದ. ಅದೂ ಇದೂ ಮಾತಾಡಿ, ಟೈಲರಕ್ಕ ಒಳಗೆ ಹೋದಳೆಂದುಕೊಂಡು ದನಿ ತಗ್ಗಿಸಿದ. "ಯಾರಿಗೂ ಹೇಳಬೇಡ ಮಾರಾಯ. ನನಗೂ ಈಗೀಗ ಮೂತ್ರ ಸರಿಯಾಗಿ ಆಗ್ತಿಲ್ಲ."

ಅಣ್ಣ ಕಾಲಲ್ಲೇ ಮಂಚದಡಿಯ ಚಪ್ಪಲಿ ತಡಕಾಡಿದ.

"ಏಳು. ನಾನೂ ಬರ್ತೀನಿ, ಈಗಲೇ ಆಸ್ಪತ್ರೆಗೆ ಹೋಗೋಣ."