ಸಂಕ ಬರುವವರೆಗಿನ ಶಾಲೆ

ನಮ್ಮ ಶಾಲೆಗೆ ಗಂಟೆ ಇರಲಿಲ್ಲ, ಹೊಳೆ ಇತ್ತು. ಭರತದ ನೀರು ಏರಿ ಮನೆಯ ಹಿಂದಿನ ಕಲ್ಲುಕಟ್ಟೆಗೆ ತಾಗಿದರೆ ಪಾಠ ಶುರು. ನೀರು ಇಳಿದು ಕೆಸರು ಕಾಣತೊಡಗಿದರೆ ಅಮ್ಮ ಪುಸ್ತಕ ಮಡಚಿಟ್ಟು ಮರುವಾಯಿ ಚಿಪ್ಪು ಹೆಕ್ಕಲು ಬುಟ್ಟಿ ಹಿಡಿದು ಹೊರಡುತ್ತಿದ್ದಳು. ಭರತ ಇಳಿತಗಳ ಹೊತ್ತು ದಿನದಿಂದ ದಿನಕ್ಕೆ ಸರಿಯುವುದರಿಂದ ನಮ್ಮ ಪಾಠವೂ ಸರಿಯುತ್ತಿತ್ತು. ಒಂದು ವಾರ ಬೆಳಗಿನ ಚಾದ ಜೊತೆ ಮಗ್ಗಿ, ಇನ್ನೊಂದು ವಾರ ಗಂಜಿ ಉಂಡು ತೂಕಡಿಸುತ್ತ ಇತಿಹಾಸ. ಈಗಲೂ ಯಾರಾದರೂ ರಾಜವಂಶಗಳ ಮಾತೆತ್ತಿದರೆ ನನಗೆ ಒಣಮೀನಿನ ಚಟ್ನಿಯ ಪರಿಮಳ ಬಂದಂತಾಗಿ ಕಣ್ಣು ಎಳೆಯುತ್ತದೆ.

ಕುಂದಾಪುರದ ಹತ್ತಿರ ಹೊಳೆ ಸಮುದ್ರ ಸೇರುವ ಮೊದಲು ನಡುನಡುವೆ ತುಂಡು ತುಂಡು ನೆಲ ಬಿಟ್ಟು ಹೋಗಿದೆ. ಅವನ್ನು ಕುದ್ರು ಎನ್ನುತ್ತೇವೆ. ಅಂಥದೊಂದು ಕುದ್ರುವಿನಲ್ಲಿ ನಮ್ಮ ಮನೆ. ಸುತ್ತ ತೆಂಗಿನಮರ, ಅದರಾಚೆ ನೀರು, ನೀರಿನಾಚೆ ಗಂಗೊಳ್ಳಿಯ ಕಡೆಯಿಂದ ಬರುವ ಬೋಟುಗಳ ಗುಡುಗುಡು. ಡಿಸೆಂಬರಿನ ಬೆಳಿಗ್ಗೆ ಮಂಜು ಹೊಳೆಯ ಮೇಲೆ ಕೂತುಬಿಟ್ಟರೆ ಆಚೆ ದಡ ಕಾಣುತ್ತಿರಲಿಲ್ಲ. ಲೋಕದಲ್ಲಿ ನಾವೇ ಇದ್ದೇವೆ, ಉಳಿದದ್ದೆಲ್ಲ ಅಮ್ಮ ಪಾಠದಲ್ಲಿ ಹೇಳುವ ಕತೆ ಎಂದು ನನಗೆ ಅನ್ನಿಸುತ್ತಿತ್ತು. ನನಗೆ ಅದೇ ಇಷ್ಟವಾಗಿತ್ತು.

ಕುದ್ರುವಿನ ಬೇರೆ ಮಕ್ಕಳೆಲ್ಲ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದರು. ನಾವಿಬ್ಬರು ಮಾತ್ರ, ನಾನೂ ಅಕ್ಕನೂ, ಮನೆಯಲ್ಲೇ ಕಲಿಯುತ್ತಿದ್ದೆವು. ನಾನು ಹುಟ್ಟಿದ ಮಳೆಗಾಲದಲ್ಲಿ ಶಾಲೆಯ ದೋಣಿ ಮಗುಚಿತ್ತಂತೆ. ಮಕ್ಕಳೆಲ್ಲ ಉಳಿದುಕೊಂಡರು, ಪುಸ್ತಕದ ಚೀಲಗಳು ಹೊಳೆ ಪಾಲಾದವು. ಅವತ್ತೇ ಅಮ್ಮ ತೀರ್ಮಾನ ಮಾಡಿಬಿಟ್ಟಳು. ಪಪ್ಪ ಕುಂದಾಪುರ ಪೇಟೆಯ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದವರು, ದಿನವೂ ಅದೇ ಹೊಳೆ ದಾಟುವವರು. ಒಂದೆರಡು ಸಲ ಹೇಳಿ ನೋಡಿದರು, ಆಮೇಲೆ ಹಳೇ ಪಠ್ಯಪುಸ್ತಕಗಳನ್ನು ತಂದುಕೊಟ್ಟು ಸುಮ್ಮನಾದರು. ಭಾನುವಾರ ಪಾದ್ರಿಗಳ ಪೂಜೆಗೆ ಅದೇ ದೋಣಿಯಲ್ಲಿ ಇಗರ್ಜಿಗೆ ಹೋಗುತ್ತೀರಲ್ಲ ಎಂದು ದೋಣಿಯ ಅಜ್ಜ ಕೇಳಿದರೆ ಅಮ್ಮನ ಉತ್ತರ ಸಿದ್ಧವಿತ್ತು.

"ಭಾನ್ವಾರ ನಾನ್ ಕೈ ಹಿಡ್ಕಣ್ತೆ. ಬಾಕಿ ದಿನ ಯಾರ್ ಹಿಡ್ಕಣ್ತ್ರ್?"

ಮನೆಮಾತು ಕೊಂಕಣಿ. ದೇವರ ಹತ್ತಿರ, ಬೆಕ್ಕಿನ ಹತ್ತಿರ, ಪಪ್ಪನ ಹತ್ತಿರ ಕೊಂಕಣಿಯೇ. ಪಾಠಕ್ಕೆ ಕೂತರೆ ಮಾತ್ರ ಅಮ್ಮ ಕುಂದಾಪ್ರ ಕನ್ನಡಕ್ಕೆ ಬದಲಾಗುತ್ತಿದ್ದಳು, ಜೊತೆಗೆ ದನಿಯೂ ಒಂದು ಮೆಟ್ಟಿಲು ಮೇಲೇರುತ್ತಿತ್ತು. ನಾವೂ ಆಗ ಅವಳನ್ನು ಅಮ್ಮ ಎಂದು ಕರೆಯುವಂತಿರಲಿಲ್ಲ, ಟೀಚರ್ ಎನ್ನಬೇಕಿತ್ತು. ಅಡುಗೆಮನೆಯ ಬಾಗಿಲಿಗೆ ಮಸಿ ಬಳಿದು ಬೋರ್ಡು ಮಾಡಿಕೊಂಡಿದ್ದಳು. ಬಾಗಿಲು ತೆರೆದಿದ್ದರೆ ಲೆಕ್ಕ ಕಾಣದು, ಮುಚ್ಚಿದರೆ ಒಳಗೆ ಅನ್ನ ಉಕ್ಕಿದ್ದು ಕಾಣದು. ಎರಡರ ನಡುವೆ ಅವಳು ಓಡಾಡುವುದೇ ನೋಡಲು ಚಂದ.

ಶಾಲೆಗೇ ಹೋಗದವರಿಗೆ ರಜೆ ಎಂಥದ್ದು ಎಂದು ನೆಂಟರು ನಗುತ್ತಿದ್ದರು. ನಮಗೆ ರಜೆ ಇತ್ತು, ದೊಡ್ಡದೇ ಇತ್ತು. ಡಿಸೆಂಬರಿನಲ್ಲಿ ಗೋದಲಿಗೆಂದು ಭತ್ತ ನೆನೆಹಾಕಿ ತೆಂಗಿನ ಗರಟೆಗಳಲ್ಲಿ ಬಿತ್ತುತ್ತಿದ್ದೆವು. ಬಾಲಯೇಸುವಿನ ಕೊಟ್ಟಿಗೆಯ ಸುತ್ತ ಹಸಿರು ಗದ್ದೆ ಬೇಕಲ್ಲ. ಮೊಳಕೆ ಕಂಡ ದಿನದಿಂದ ಮೂವರು ರಾಜರ ಹಬ್ಬದವರೆಗೆ ಪುಸ್ತಕ ಮುಟ್ಟುವಂತಿಲ್ಲ. ನಾನು ಆ ಗರಟೆಗಳ ಮುಂದೆ ಮೊಣಕಾಲೂರಿ, ಬೇಗ ಮೊಳೆಯಿರಿ ಎಂದು ಪ್ರಾರ್ಥನೆಯನ್ನೇ ಮಾಡುತ್ತಿದ್ದೆ. ಆದರೆ ಅಮ್ಮನ ರಜೆ ನಂಬುವಂಥದ್ದಲ್ಲ. ಕ್ರಿಸ್ಮಸ್ಸಿನ ತಿಂಡಿ ಕುಸ್ವಾರ್ ಮಾಡಲು ಕೂತರೆ, ಮೂರು ತಟ್ಟೆ ಕಿಡಿಯೊ ಏಳು ಮನೆಗೆ ಹಂಚುವುದು ಹೇಗೆ ಎಂದು ಭಿನ್ನರಾಶಿ ಶುರು. ಕರ್ಜಿಕಾಯಿಯಂಥ ನೆವ್ರಿಯ ಅಂಚನ್ನು ಮಡಚುತ್ತ ಅರ್ಧವೃತ್ತ, ವ್ಯಾಸ, ತ್ರಿಜ್ಯ. ಎಣ್ಣೆಯ ಹೊಗೆ, ಎಳ್ಳು ಬೆಲ್ಲದ ವಾಸನೆ, ಹೊರಗೆ ಬಿದಿರಿನ ತುದಿಯಲ್ಲಿ ಕಾಗದದ ನಕ್ಷತ್ರ ಗಾಳಿಗೆ ಪಟಪಟ ಎನ್ನುವ ಸದ್ದು. ಅರೆನಿದ್ದೆಯಲ್ಲಿ ಕಲಿತಂತೆ ನಾನು ಅದೆಲ್ಲವನ್ನೂ ಕಲಿತೆ.

ಅಕ್ಕ ಹಾಗಲ್ಲ. ಅವಳಿಗೆ ನಿಜವಾದ ಶಾಲೆ ಬೇಕಿತ್ತು. ಬೆಳಿಗ್ಗೆ ನೀಲಿ ಲಂಗದ ಹುಡುಗಿಯರು ದೋಣಿ ಹತ್ತುವಾಗ ಅವಳು ಕಲ್ಲುಕಟ್ಟೆಯ ಮೇಲೆ ನಿಂತು, ಅವರು ಮಂಜಿನಲ್ಲಿ ಕರಗುವವರೆಗೂ ನೋಡುತ್ತಿದ್ದಳು. ಸೋಮವಾರ ಎರಡು ಜಡೆ ಮಡಚಿ ರಿಬ್ಬನ್ ಕಟ್ಟಿ, ಅಡುಗೆಮನೆಯ ಬಾಗಿಲಿನ ಮುಂದೆ ನೆಟ್ಟಗೆ ಕೂರುತ್ತಿದ್ದಳು. ಹೈಸ್ಕೂಲಿಗೆ ಹೋಗುವ ವಯಸ್ಸಾಗಿತ್ತು. ಆದರೂ ಏಳನೇ ಕ್ಲಾಸಿನ ಪುಸ್ತಕಗಳನ್ನೇ ಎರಡನೇ ಸಲ ಓದುತ್ತಿದ್ದಳು. ಅಮ್ಮ ಅದನ್ನು 'ಗಟ್ಟಿ ಮಾಡುವುದು' ಎನ್ನುತ್ತಿದ್ದಳು.

"ಹೈಸ್ಕೂಲಿಗೆ ಯಾವಾಗ್ ಹೋಪ್ದ್, ಟೀಚರ್?" ಎಂದು ಅಕ್ಕ ಕೇಳಿದಾಗಲೆಲ್ಲ ಒಂದೇ ಉತ್ತರ. "ಸಂಕ ಆಯ್ಲಿ. ಮತ್ತೆ ಕಾಂಬ."

ಕುದ್ರುವಿಗೆ ಒಂದು ಸಂಕ, ಅಂದರೆ ಸೇತುವೆ, ಬರುತ್ತದೆ ಎಂದು ನಾನು ಹುಟ್ಟುವ ಮೊದಲಿನಿಂದ ಮಾತಿತ್ತು. ಬರುತ್ತದೆ ಎಂದು ಯಾರೂ ನಂಬಿರಲಿಲ್ಲ, ಅಮ್ಮನಂತೂ ಖಂಡಿತ ನಂಬಿರಲಿಲ್ಲ. ಆದರೆ ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಹೊಳೆಯಲ್ಲಿ ಕಂಬಗಳು ಏಳತೊಡಗಿದವು. ಒಂದೊಂದು ಕಂಬ ಎದ್ದಾಗಲೂ ಅಕ್ಕನಿಗೆ ಹಬ್ಬ, ನನಗೆ ಸಂಕಟ. ಸಂಕ ಮುಗಿದರೆ ನಮ್ಮ ಶಾಲೆ ಮುಗಿದ ಹಾಗೆ. ಆ ಕಂಬಗಳಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ, ಅವು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಆ ವರ್ಷ ಭತ್ತದ ಸಸಿ ಬೆರಳುದ್ದ ಬೆಳೆದಾಗ ಸಂಕ ಮುಗಿಯಿತು. ಜನ ಸುಮ್ಮನೆ ಆಚೆ ಹೋಗಿ ಈಚೆ ಬಂದರು. ಪಪ್ಪ ಸೈಕಲ್ಲಿನ ಕ್ಯಾರಿಯರಿಗೆ ಕೇಕಿನ ಪೆಟ್ಟಿಗೆ ಕಟ್ಟಿ ಮನೆಬಾಗಿಲಿಗೇ ಬಂದಿಳಿದರು. ಅಕ್ಕ ನಡುಸಂಕದಲ್ಲಿ ನಿಂತು ಎರಡೂ ಕೈ ಚಾಚಿ ಗಾಳಿ ಕುಡಿದಳು. ಅಮ್ಮ ಮಾತ್ರ ಅದರ ಮೇಲೆ ಕಾಲಿಡಲಿಲ್ಲ. ಕ್ರಿಸ್ಮಸ್ ಬೆಳಿಗ್ಗೆ ಊರೆಲ್ಲ ಹೊಸಬಟ್ಟೆ ಉಟ್ಟು ಸಂಕದ ಮೇಲೆ ನಡೆದು ಇಗರ್ಜಿಗೆ ಹೋಗುತ್ತಿದ್ದರೆ, ಅವಳು ನಮ್ಮಿಬ್ಬರ ಕೈ ಹಿಡಿದು ದೋಣಿಯ ಹತ್ತಿರ ಬಂದು ನಿಂತಳು.

ದೋಣಿಯ ಅಜ್ಜ ಬೀಡಿ ಕೈಯಲ್ಲಿ ಹಿಡಿದು ಬಾಯಿಬಿಟ್ಟ. "ಹ್ವಾಯ್ ಬಾಯಮ್ಮ, ಸಂಕ ಆಯ್ತಲೆ! ಇನ್ನೂ ನನ್ನ ದೋಣಿ ಎಂತಕ್ಕೆ?"

"ಅಭ್ಯಾಸ" ಎಂದಳು ಅಮ್ಮ, ಮುಖ ಆಚೆ ತಿರುಗಿಸಿ.

ಹೊಳೆಗೆ ಹೆದರುತ್ತಾಳೆಂದು ನಾವು ತಿಳಿದಿದ್ದ ಅಮ್ಮ, ಸಂಕದ ನೆರಳಿನ ಅಡಿಯಲ್ಲೇ ಹೊಳೆ ದಾಟಿದಳು. ಮೇಲಿನಿಂದ ಯಾರೋ ನಮ್ಮನ್ನು ನೋಡಿ ಕೂಗಿ ನಕ್ಕರು. ಅಕ್ಕ ನಾಚಿಕೆಯಿಂದ ತಲೆ ತಗ್ಗಿಸಿದಳು. ನನಗೆ ಒಳಗೊಳಗೇ ಖುಷಿ. ಅಮ್ಮನೂ ನನ್ನ ಪಕ್ಷ ಎಂದುಕೊಂಡೆ.

ಮಧ್ಯಾಹ್ನ ಮಾಮ ಬಂದರು. ಅಮ್ಮನ ಅಣ್ಣ. ಮುಂಬಯಿಯಲ್ಲಿ ಕೆಲಸ, ಪ್ರತಿ ಕ್ರಿಸ್ಮಸ್ಸಿಗೆ ಬ್ರಹ್ಮಾವರದ ತಮ್ಮ ಮನೆಗೆ ಬಂದವರು ಊಟಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. 'ಸಣ್ಣ' ಎನ್ನುವ ಇಡ್ಲಿ, ಹಂದಿಮಾಂಸದ ಸಾರು, ಪಪ್ಪನ ಬೇಕರಿಯ ಕೇಕು ಎಲ್ಲ ಆಗಿ, ಜಗಲಿಯಲ್ಲಿ ಕಾಲು ಚಾಚಿ ಕೂತವರು ಅಲ್ಲೇ ಇದ್ದ ಅಕ್ಕನ ಪುಸ್ತಕ ತೆಗೆದು ನೋಡಿದರು. "ಏಳನೆಯದಾ? ಹೋದ ಕ್ರಿಸ್ಮಸ್ಸಿಗೆ ಬಂದಾಗಲೂ ಏಳನೆಯದೇ ಇತ್ತಲ್ಲ" ಎಂದರು ಕೊಂಕಣಿಯಲ್ಲಿ.

"ಗಟ್ಟಿ ಮಾಡಿಸುತ್ತಿದ್ದೇನೆ" ಎಂದಳು ಅಮ್ಮ.

ಮಾಮ ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. ಪುಸ್ತಕ ಮಡಚಿ ಕೆಳಗಿಟ್ಟರು. ಆಮೇಲೆ ಬಹಳ ಮೆತ್ತಗೆ, "ನೀನು ಬಿಟ್ಟದ್ದೂ ಏಳನೆಯದರಲ್ಲೇ ಅಲ್ಲವಾ" ಎಂದರು.

ನಮಗೆ ಅದು ಗೊತ್ತಿರಲಿಲ್ಲ. ಅಮ್ಮ ಎಷ್ಟು ಓದಿದ್ದಾಳೆ ಎಂದು ಕೇಳುವುದು ನಮಗೆ ಹೊಳೆದಿರಲೇ ಇಲ್ಲ. ಅವಳು ಟೀಚರ್, ಅಷ್ಟೇ. ಅವತ್ತು ಮಾಮ ಹೇಳಿದರು. ಅಮ್ಮನ ತವರೂ ಒಂದು ಕುದ್ರು, ಬ್ರಹ್ಮಾವರದ ಕಡೆಯ ಹೊಳೆಯದ್ದು. ಹೈಸ್ಕೂಲು ಆಚೆ ದಡದಲ್ಲಿ. ಗಂಡುಮಗು ದೋಣಿಯಲ್ಲಿ ಹೋಗಲಿ, ಹೆಣ್ಣುಮಗುವನ್ನು ಹೊಳೆ ದಾಟಿಸಿ ಕಳಿಸುವುದು ಹೆದರಿಕೆ ಎಂದು ಮನೆಯಲ್ಲಿ ಅಮ್ಮನನ್ನು ನಿಲ್ಲಿಸಿದರು. ಮಾಮ ಬುತ್ತಿ ಹಿಡಿದು ದೋಣಿ ಹತ್ತುವಾಗ ಅಮ್ಮ ದಡದಲ್ಲಿ ನಿಂತಿರುತ್ತಿದ್ದಳಂತೆ. ಸಂಜೆ ವಾಪಸ್ಸು ಬಂದ ಮಾಮನ ಹತ್ತಿರ ಇವತ್ತು ಏನು ಕಲಿಸಿದರು ಎಂದು ಕೇಳುತ್ತಿದ್ದಳಂತೆ. "ನಾನೊಂದು ಮಂಗ, ಆಟಕ್ಕೆ ಓಡಿಬಿಡುತ್ತಿದ್ದೆ" ಎಂದರು ಮಾಮ.

ಅಕ್ಕನ ಮುಖ ಕೆಂಪಾಯಿತು. ಅವಳು ಕೊಂಕಣಿ ಬಿಟ್ಟು ಪಾಠದ ಕನ್ನಡಕ್ಕೆ ತಿರುಗಿದಳು. ತುಂಬಾ ಸಿಟ್ಟು ಬಂದಾಗ ಹಾಗೆ ಮಾಡುತ್ತಿದ್ದಳು. "ಅಂದ್ರೆ ಎಂಟನೇದ್ ನಿಂಗ್ ಬತ್ತೇ ಇಲ್ಯಾ?"

ಅಮ್ಮ ತಟ್ಟೆಯಲ್ಲಿದ್ದ ಕುಸ್ವಾರನ್ನು ಸುಮ್ಮನೆ ಆಚೀಚೆ ಸರಿಸಿದಳು. ಅವಳೂ ಪಾಠದ ಕನ್ನಡದಲ್ಲೇ ಉತ್ತರ ಕೊಟ್ಟಳು. "ಇಲ್ಲೆ ಮಗಾ. ನಂಗ್ ಬಪ್ಪುದ್ ಇಷ್ಟೇ. ಇದ್ರಿಂದ್ ಮುಂದೆ ಎಂತ ಇತ್ತ್ ಅಂದೇಳಿ ನಂಗೂ ಗೊತ್ತಿಲ್ಲೆ."

ಅಕ್ಕ ಎದ್ದು ಕಲ್ಲುಕಟ್ಟೆಯ ಕಡೆ ಹೋದಳು. ಪಪ್ಪ ಅವಳ ಹಿಂದೆಯೇ ಹೋದರು. ನನಗೆ ಮಾಮನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮುಂಬಯಿಯ ಚಾಕಲೇಟು ಅವರಿಗೇ ವಾಪಸ್ಸು ಕೊಟ್ಟುಬಿಟ್ಟೆ. ಅಮ್ಮನಿಗೆ ಬಾರದ್ದು ಏನಾದರೂ ಈ ಲೋಕದಲ್ಲಿದ್ದರೆ ಅದು ನನಗೆ ಬೇಕಾಗಿರಲಿಲ್ಲ. ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವಳ ಸೀರೆಗೆ ಏಲಕ್ಕಿಯ ಪರಿಮಳವಿತ್ತು, ಕೈ ನನ್ನ ತಲೆ ಸವರುತ್ತಿತ್ತು, ಕಣ್ಣು ಮಾತ್ರ ಸಂಕದ ಮೇಲಿತ್ತು.

ಆಮೇಲಿನ ದಿನಗಳು ನನಗೆ ನೀರೊಳಗಿನಿಂದ ಕಂಡ ಹಾಗೆ ನೆನಪಿವೆ. ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಗೋದಲಿಯ ಸಸಿಗಳು ಉದ್ದವಾಗಿ ಒಂದರ ಮೇಲೊಂದು ಒರಗಿದವು. ಒಂದು ಸಂಜೆ ಕ್ರಿಸ್ಮಸ್ ಹಾಡು ಹಾಡುವವರ ತಂಡ ಸಂಕದ ಮೇಲೆ ದೀಪ ಹಿಡಿದು ಬಂತು. ಹಿಂದಿನ ವರ್ಷಗಳಲ್ಲಿ ಅವರ ಹಾಡು ದೋಣಿಯಲ್ಲಿ ತೇಲುತ್ತ, ನಿಧಾನವಾಗಿ ದೊಡ್ಡದಾಗುತ್ತ ಬರುತ್ತಿತ್ತು. ಈಗ ಒಂದೇ ಸಲಕ್ಕೆ ಅಂಗಳದಲ್ಲಿತ್ತು. ಅಮ್ಮ ಅವರಿಗೆ ಕುಸ್ವಾರ್ ಕೊಟ್ಟು ಒಳಗೆ ಬಂದವಳು, "ಸ್ಕೂಲು ಯಾವಾಗ ಶುರುವಾಗುತ್ತದೆ?" ಎಂದು ಮಾಮನನ್ನು ಕೇಳಿದಳು. ಮಾಮ ಈ ಸಲ ನಮ್ಮಲ್ಲೇ ಉಳಿದುಕೊಂಡಿದ್ದರು. ಹೈಸ್ಕೂಲಿನ ಹೆಡ್‌ಮಾಸ್ತರರ ಹತ್ತಿರ ಅವರು ಆಗಲೇ ಮಾತಾಡಿ ಬಂದಿದ್ದರು.

ಕ್ರಿಸ್ಮಸ್ ರಜೆ ಮುಗಿದು ಶಾಲೆ ತೆರೆದ ಬೆಳಿಗ್ಗೆ ಅಮ್ಮ ಇಗರ್ಜಿಗೆ ಉಡುವ ಸೀರೆ ಉಟ್ಟಳು. ಅಕ್ಕನ ಎರಡು ಜಡೆಯನ್ನು ತಾನೇ ಹೆಣೆದಳು. ಸಿಟ್ಟಿನಲ್ಲಿದ್ದ ಅಕ್ಕ ತಲೆ ಅಲ್ಲಾಡಿಸದೆ ಕೂತಿದ್ದಳು, ಎರಡನೇ ರಿಬ್ಬನ್ ಕಟ್ಟುವಾಗ ಹಿಂದಕ್ಕೆ ಒರಗಿ ಅಮ್ಮನ ಹೊಟ್ಟೆಗೆ ತಲೆಯಾನಿಸಿದಳು. ಮಂಜು ದಟ್ಟವಾಗಿತ್ತು. ಸಂಕದ ಆಚೆ ತುದಿ ಕಾಣುತ್ತಿರಲಿಲ್ಲ. ಅಮ್ಮ ಮೊದಲ ಹೆಜ್ಜೆಗೆ ಮುಂಚೆ ಶಿಲುಬೆಯ ಗುರುತು ಮಾಡಿಕೊಂಡಳು. ಅಕ್ಕ ಮುಂದೆ, ಅವಳ ಹಿಂದೆ ಅಮ್ಮ, ಅಮ್ಮನ ಸೆರಗು ಹಿಡಿದು ನಾನು, ಕೊನೆಗೆ ಮಾಮ.

ಹೆಡ್‌ಮಾಸ್ತರರು ಅಕ್ಕನಿಗೆ ಒಂದಿಷ್ಟು ಓದಿಸಿದರು, ಬರೆಸಿದರು. "ಇವತ್ತ್ ಒಂದ್ ದಿನ ಎಂಟನೇ ಕ್ಲಾಸಂಗೆ ಕೂಕಣ್ಲಿ. ಸುಧಾರಿಸ್ತಾ ಕಾಂಬ" ಎಂದರು. ಅಕ್ಕ ತಿರುಗಿ ನೋಡದೆ ಒಳಗೆ ಹೋದಳು. ಮಾಮ ಪೇಟೆಗೆ ಹೋದರು. ಅಮ್ಮ ಜಗಲಿಯಲ್ಲಿ, ಆ ಕ್ಲಾಸಿನ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತಳು. ಕಿಟಕಿ ಎತ್ತರದಲ್ಲಿತ್ತು. ನನಗೆ ಒಳಗಿನದೇನೂ ಕಾಣುತ್ತಿರಲಿಲ್ಲ, ಅಮ್ಮನ ಮುಖ ಮಾತ್ರ ಕಾಣುತ್ತಿತ್ತು.

ಒಳಗೆ ಲೆಕ್ಕದ ಪಾಠ. ತ್ರಿಭುಜದ ಮೂರು ಕೋನ ಕೂಡಿದರೆ ಎಷ್ಟು ಎಂದು ಅಮ್ಮ ನಮಗೆ ಹೇಳಿಕೊಟ್ಟಿದ್ದಳು, ನಾವು ಬಾಯಿಪಾಠ ಮಾಡಿದ್ದೆವು. ಇಲ್ಲಿ ಮೇಷ್ಟ್ರು ಅದು ಯಾಕೆ ಅಷ್ಟೇ ಎಂದು ಸಾಧಿಸಿ ತೋರಿಸುತ್ತಿದ್ದರು. ಒಂದು ಗೆರೆ ಎಳೆಯಿರಿ, ಈ ಕೋನ ಅಲ್ಲಿಗೆ ಬಂತು ನೋಡಿ, ಆ ಕೋನ ಇಲ್ಲಿಗೆ ಬಂತು ನೋಡಿ ಎನ್ನುತ್ತಿದ್ದರು. ಅಮ್ಮ ಗೋಡೆ ಬಿಟ್ಟು ಕಿಟಕಿಯ ಸರಳಿಗೇ ಬಂದಳು. ತುಟಿ ಅಲ್ಲಾಡುತ್ತಿತ್ತು. ಬೆರಳು ಗಾಳಿಯಲ್ಲಿ ಗೆರೆ ಎಳೆಯುತ್ತಿತ್ತು.

"ಹೌದಲೆ" ಎಂದಳು, ತನ್ನಷ್ಟಕ್ಕೆ. "ಅದಕ್ಕೊಂದ್ ಕಾರಣ ಇತ್ತ್ ಕಾಣ್!"

ನನ್ನ ಅಮ್ಮ ಅಷ್ಟು ಸಣ್ಣ ಹುಡುಗಿಯಾಗಿ ಕಂಡದ್ದು ಅದೇ ಮೊದಲು. ನನಗೆ ಭಯವಾಯಿತು, ಪ್ರೀತಿಯೂ ಉಕ್ಕಿ ಬಂತು.

ಹೆಡ್‌ಮಾಸ್ತರರು ಜಗಲಿಗೆ ಬಂದರು. ಕಿಟಕಿಯಿಂದ ಒಳಗೊಮ್ಮೆ ನೋಡಿ, "ಅಡ್ಡಿಲ್ಲೆ, ಸುಧಾರಿಸ್ತ್. ಜೂನಿಗೆ ಕರ್ಕಂಡ್ ಬನ್ನಿ, ಎಂಟನೇದಕ್ಕೇ ಸೇರ್ಸುವ. ನೀವಿನ್ನ್ ಮನೆಗ್ ಹೋಯ್ಲಕ್ಕ್, ಬಾಯಮ್ಮ" ಎಂದರು.

ಅಮ್ಮ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ. "ಹೋತೆ ಸರ್. ಈ ಪಾಠ ಒಂದ್ ಮುಗಿಲಿ."

ಅವರು ಆಫೀಸಿನೊಳಗೆ ಹೋಗಿ ಸ್ಟೂಲು ತಂದು ಅಮ್ಮನ ಪಕ್ಕದಲ್ಲಿಟ್ಟರು. ಅಮ್ಮ ಕೂರಲಿಲ್ಲ. ಕೂತರೆ ಬೋರ್ಡು ಕಾಣುತ್ತಿರಲಿಲ್ಲ.